ಹೆನಾರೊ ಬಿಡದ ಮೂಲೆ

ಫೈನಲ್ ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪರಾಗ್ವೆ ದೇಶದ ಹೆನಾರೊ ಎಂಬ ಎತ್ತರದ ಮನುಷ್ಯ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕಡಬದ ಹೊರಗಿನ ಆ ಕೆಂಪು ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ನಡೆಯತೊಡಗಿದ. ಪೆಂಡಾಲಿನ ಮುಂದಿನ ಸಾಲಿನಲ್ಲಿ ಕುಳಿತಿದ್ದ ದುಗ್ಗಪ್ಪನ ಎದೆ ಧಸಕ್ಕೆಂದಿತು.

ಉಳಿದವರಿಗೆ ಅದೊಂದು ತಮಾಷೆ. ಬೂಟು ಸವೆಯುವುದು ಬೇಡವೆಂದು ಉಳಿಸುತ್ತಿದ್ದಾನೆ ಎಂದು ಹಿಂದಿನ ಸಾಲಿನವರು ನಕ್ಕರು. ಹೆನಾರೊ ರಸ್ತೆ ಬದಿಯ ಗೋಲಿನಿಂದ ಹೊರಟು, ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಒತ್ತಿ ನೋಡುತ್ತಾ, ಉಳುವ ಮೊದಲು ಗದ್ದೆಯ ಹದ ನೋಡುವವನ ಹಾಗೆ ಸಣ್ಣ ಹಳ್ಳದಂತೆ ಹರಿಯುವ ತೋಡಿನ ಬದಿಯ ಗೋಲಿನತ್ತ ಬರುತ್ತಿದ್ದ. ಆ ಗೋಲಿನ ಬಲಗಡೆಯ ಮೂಲೆಯಲ್ಲಿ, ಬಾವುಟದ ಕೋಲಿನಿಂದ ಸ್ವಲ್ಪ ಒಳಗೆ, ತೆಳ್ಳನೆಯ ಮಣ್ಣಿನ ಅಡಿಯಲ್ಲಿ ಒಂದು ಸರ್ವೆ ಕಲ್ಲು ಇತ್ತು. ಅದು ಅಲ್ಲಿದೆ ಎಂದು ಅಷ್ಟು ಜನರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ದುಗ್ಗಪ್ಪನಿಗೆ ಮತ್ತು ಅವನ ಹೆಂಡತಿ ಸೀತುವಿಗೆ.

ಕಲ್ಲಿನ ಕಥೆ ದೊಡ್ಡದೇನಲ್ಲ. ತಂದೆ ನೆಟ್ಟ ರಬ್ಬರ್ ತೋಟ ಪಾಲಾದಾಗ ರಸ್ತೆ ಬದಿಯದ್ದು ದುಗ್ಗಪ್ಪನಿಗೆ ಬಂತು, ತೋಡಿನ ಬದಿಯದ್ದು ಅಣ್ಣ ಬೋಜಪ್ಪನಿಗೆ. ತೋಡಿನ ಹತ್ತಿರ ಒಂದು ಕಲ್ಲು, ಮೇಲೆ ಹಲಸಿನ ಮರದ ಬುಡದಲ್ಲಿ ಇನ್ನೊಂದು ಕಲ್ಲು, ಎರಡರ ನಡುವಿನ ಗೆರೆಯೇ ಗಡಿ. ಬೋಜಪ್ಪ ಪುತ್ತೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಅಲ್ಲೇ ಮನೆ ಮಾಡಿದ. ಹೋದ ವರ್ಷ ಮರಗಳಿಗೆ ವಯಸ್ಸಾಯಿತೆಂದು ಇಬ್ಬರೂ ಒಬ್ಬನೇ ವ್ಯಾಪಾರಿಗೆ ಮರ ಕೊಟ್ಟರು. ಮರ ಹೋದ ಮೇಲೆ ನೋಡಿದರೆ ಅಣ್ಣನದ್ದು ಯಾವುದು, ತಮ್ಮನದ್ದು ಯಾವುದು ಎಂದು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಆ ಎರಡು ಕಲ್ಲುಗಳ ಹೊರತು.

ಬೋಜಪ್ಪನ ಮಗ ಅವಿನ್ ಹಡಗಿನ ಕೆಲಸದಿಂದ ರಜೆಯಲ್ಲಿ ಬಂದವನು, ಇಲ್ಲಿ ಸೆವೆನ್ಸ್ ಫುಟ್‌ಬಾಲ್ ಮಾಡಿದರೆ ಹೇಗೆ ಚಿಕ್ಕಪ್ಪ ಎಂದು ಕೇಳಿದ. ಸೆವೆನ್ಸ್ ಎಂದರೆ ಒಂದೊಂದು ತಂಡದಲ್ಲಿ ಏಳೇಳು ಜನರ ಆಟ. ಗಡಿಯಾಚೆ ಕಾಸರಗೋಡಿನ ಕಡೆ ಅದರ ಹುಚ್ಚು ಜೋರು. ಮೈದಾನ ಕೊಟ್ಟವರ ಹೆಸರನ್ನೇ ಮೈದಾನಕ್ಕೆ ಇಡುತ್ತೇವೆ ಎಂದೂ ಯುವಕ ಮಂಡಲದವರು ಹೇಳಿದರು. ದುಗ್ಗಪ್ಪನಿಗೆ ಹೊಟ್ಟೆ ತುಂಬಿದ ಹಾಗಾಯಿತು. ಊರಿನ ಶಾಲೆಯ ಗೋಡೆಯಲ್ಲಿ, ಬಸ್ ನಿಲ್ದಾಣದ ಸಿಮೆಂಟ್ ಬೆಂಚಿನಲ್ಲಿ, ಎಲ್ಲಿ ನೋಡಿದರೂ ದಾನಿಗಳು ಎಂದು ಅಣ್ಣನ ಹೆಸರೇ. ದುಗ್ಗಪ್ಪ ಎಂದರೆ ಇಷ್ಟು ವರ್ಷ ಬೋಜಪ್ಪ ಗೌಡರ ತಮ್ಮ, ಅಷ್ಟೆ.

"ಅಪ್ಪನ ಜಾಗ ಇದರಲ್ಲಿ ಬರ್ತದಾ ಚಿಕ್ಕಪ್ಪ?" ಎಂದು ಅವಿನ್ ಆಗಲೇ ಕೇಳಿದ್ದ. ಅಣ್ಣನನ್ನು ಕೇಳಬೇಕಾಗುತ್ತದೆ, ಕೇಳಿದರೆ ಬೋರ್ಡಿನಲ್ಲಿ ಮೊದಲು ಅಣ್ಣನ ಹೆಸರು ಬರುತ್ತದೆ ಎಂಬ ಲೆಕ್ಕ ಕ್ಷಣದಲ್ಲಿ ಮುಗಿದಿತ್ತು. "ಇಲ್ಲ ಮಾರಾಯ, ಅದು ಆಚೆ, ತೋಡಿನ ಬದಿ" ಎಂದ ದುಗ್ಗಪ್ಪ. ಜೆಸಿಬಿ ಮಣ್ಣು ಸಮತಟ್ಟು ಮಾಡುವಾಗ ಕಲ್ಲು ತಲೆ ಎತ್ತಿತು. ಇದನ್ನು ಕೀಳುದಾ ಎಂದು ಜೆಸಿಬಿಯವನು ಕೇಳಿದಾಗ ದುಗ್ಗಪ್ಪ ಗಾಬರಿಬಿದ್ದು ಎರಡೂ ಕೈ ಅಡ್ಡ ಹಿಡಿದ. ತಂದೆ ಎದುರು ನಿಂತು ಹಾಕಿಸಿದ ಗಡಿಕಲ್ಲನ್ನು ಕೀಳುವವನು ಮನುಷ್ಯನೇ ಅಲ್ಲ ಎಂಬುದು ಅವನ ರಕ್ತದಲ್ಲಿದ್ದ ಮಾತು. ಕಿತ್ತರೆ ಕಳ್ಳತನ, ಮಣ್ಣು ಮುಚ್ಚಿದರೆ ಕಳ್ಳತನವಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಸಂಜೆ ಸೀತುವನ್ನು ಕರೆದುಕೊಂಡು ಬಂದು ಬುಟ್ಟಿಯಲ್ಲಿ ಮಣ್ಣು ತಂದು ಹಾಕಿದ. ಅವನ ಪ್ರಾಮಾಣಿಕತೆ ಅಂಥದ್ದು. ಆಟ ಮುಗಿದ ಮೇಲೆ ಮೆಲ್ಲ ಅಣ್ಣನಿಗೆ ಹೇಳಿದರಾಯಿತು ಎಂದುಕೊಂಡಿದ್ದ. ಆದರೆ ಧೂಳು ಏಳಬಾರದೆಂದು ನಿನ್ನೆ ಟ್ಯಾಂಕರಿನಲ್ಲಿ ನೀರು ಬಿಟ್ಟರು, ಮಣ್ಣು ಕೂತಿತು.

"ನೀರು ಹಾಕಿದ ಮೇಲೆ ಅಲ್ಲಿ ಮಣ್ಣು ಜಗ್ಗಿದೆ" ಎಂದು ಸೀತು ಬೆಳಿಗ್ಗೆಯೇ ಹೇಳಿದ್ದಳು. "ಯಾರದ್ದಾದರೂ ಕಾಲು ಹೋದರೆ ಎಂತ ಮಾಡ್ತೀರಿ? ಹೋಗಿ ಹೇಳಿ."

ಹೋಗಿ ಹೇಳುವುದು ಸುಲಭವಿರಲಿಲ್ಲ. ಕಲ್ಲು ಇದೆ ಎಂದರೆ ಯಾವ ಕಲ್ಲು ಎಂಬ ಪ್ರಶ್ನೆ ಬರುತ್ತದೆ. ದುಗ್ಗಪ್ಪ ಹೋಗಿ ಅದರ ಮೇಲೆ ಇನ್ನೊಂದು ಬುಟ್ಟಿ ಮಣ್ಣು ಸುರಿದು ಬಂದ.

ಈಗ ಹೆನಾರೊ ಅದೇ ಮೂಲೆಗೆ ಬಂದು ನಿಂತ. ಹಿಮ್ಮಡಿಯಿಂದ ಒತ್ತಿದ. ಒಂದು ಹೆಜ್ಜೆ ಹಿಂದೆ ಸರಿದು ಪುನಃ ಒತ್ತಿದ. ಕೈ ಎತ್ತಿ ಅವಿನ್‌ನನ್ನು ಕರೆದ. ಹಡಗಿನ ಅಡುಗೆಮನೆಯಲ್ಲಿ ಐದಾರು ವರ್ಷ ಕಳೆದ ಅವಿನ್‌ಗೆ ಹೆನಾರೊನ ಭಾಷೆಯಾದ ಸ್ಪ್ಯಾನಿಷ್ ಬರುತ್ತಿತ್ತು. ಹೆನಾರೊ ಈಗ ಕಾಸರಗೋಡಿನ ಹತ್ತಿರದ ಒಂದು ಅಕಾಡೆಮಿಯಲ್ಲಿ ಮಕ್ಕಳಿಗೆ ಆಟ ಕಲಿಸುವವನು. ಅವನನ್ನು ಗೆಸ್ಟ್ ಪ್ಲೇಯರ್ ಎಂದು ಕರೆತಂದದ್ದೂ ಆ ಭಾಷೆಯ ಬಲದಿಂದಲೇ.

"ಚಿಕ್ಕಪ್ಪ," ಅವಿನ್ ಅಲ್ಲಿಂದಲೇ ಕೂಗಿದ. "ಇಲ್ಲಿ ಅಡಿಯಲ್ಲಿ ಎಂತಾದರೂ ಉಂಟಾ? ಇವರ ಕಾಲಿಗೆ ಗಟ್ಟಿ ಸಿಗ್ತದಂತೆ."

ಪೆಂಡಾಲಿನ ತಲೆಗಳೆಲ್ಲ ದುಗ್ಗಪ್ಪನ ಕಡೆ ತಿರುಗಿದವು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವನು ಎದ್ದು ನಿಂತ.

"ಎಂತ ಇಲ್ಲ. ರಬ್ಬರಿನ ಹಳೆ ಬೇರು ಇರ್ಬಹುದು. ಅದು ಪುಡಿ ಆಗಿರ್ತದೆ, ಹೆದರ್ಲಿಕ್ಕಿಲ್ಲ."

ಅವಿನ್ ಅದನ್ನು ಸ್ಪ್ಯಾನಿಷಿಗೆ ದಾಟಿಸಿದ. ಹೆನಾರೊ ಅವಿನ್‌ನ ಮುಖ ನೋಡಲಿಲ್ಲ. ಅಷ್ಟು ದೂರದಿಂದ ದುಗ್ಗಪ್ಪನನ್ನೇ ನೋಡಿದ, ನೋಡುತ್ತಲೇ ನಿಂತ. ರೆಫರಿ ಸೀಟಿ ಊದಿದ ಮೇಲೆ ನೆಲದಲ್ಲಿ ಕುಳಿತು ನಿಧಾನವಾಗಿ ಬೂಟಿನ ದಾರ ಕಟ್ಟಿದ. ದುಗ್ಗಪ್ಪನಿಗೆ ಕುರ್ಚಿಯಲ್ಲಿ ಕೂರಲಿಕ್ಕೇ ಆಗಲಿಲ್ಲ.

ನಿನ್ನೆ ರಾತ್ರಿ ಈ ಮನುಷ್ಯ ಉಂಡದ್ದು ದುಗ್ಗಪ್ಪನ ಮನೆಯಲ್ಲಿಯೇ. ಸೀತು ಮಾಡಿದ ಕೋಳಿ ಸಾರಿಗೆ ಬೆವರಿ, ಮೂಗು ಒರೆಸಿಕೊಂಡು, ಪುನಃ ಹಾಕಿಸಿಕೊಂಡಿದ್ದ. ಎಡ ಮೊಣಕಾಲಿನ ಮೇಲೆ ಜರಿಹುಳದಷ್ಟು ಉದ್ದದ ಎರಡು ಗಾಯದ ಗುರುತುಗಳಿದ್ದವು. ಅದು ಹೇಗಾಯಿತೆಂದು ಸೀತು ಕೇಳಿದಾಗ ಅವಿನ್ ಅನುವಾದ ಮಾಡಿ ಹೇಳಿದ್ದ. ಆಗ ಹೆನಾರೊ ದೇಶದ ತಂಡಕ್ಕೆ ಖಾಯಂ ಆಗುವುದರಲ್ಲಿದ್ದನಂತೆ. ಒಂದು ಮೈದಾನದಲ್ಲಿ ಹುಲ್ಲಿನ ಅಡಿ ನೀರಿನ ಪೈಪಿನ ಕಬ್ಬಿಣದ ಮುಚ್ಚಳ ಇತ್ತಂತೆ. ಓಡುವಾಗ ಬೂಟು ಅದಕ್ಕೆ ಸಿಕ್ಕಿಬಿತ್ತು, ಪಾದ ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಒಂದೂವರೆ ವರ್ಷ ಹಾಸಿಗೆ, ಎರಡು ಆಪರೇಶನ್. ಆ ಮೈದಾನದವರಿಗೆ ಮುಚ್ಚಳ ಇರುವುದು ಗೊತ್ತಿತ್ತಾ ಎಂದು ಸೀತು ಕೇಳಿದಳು. ಗೊತ್ತಿತ್ತು ಎಂದ ಹೆನಾರೊ, ಕನ್ನಡ ಅರ್ಥವಾದವನ ಹಾಗೆ ತಲೆಯಾಡಿಸಿ. ಆ ಕ್ಷಣದಿಂದ ದುಗ್ಗಪ್ಪನಿಗೆ ಅನ್ನ ಇಳಿದಿರಲಿಲ್ಲ.

ಮೈಕಿನಲ್ಲಿ ಹರಿಪ್ರಸಾದ್ ಶುರುಮಾಡಿದ. ಪುತ್ತೂರಿನಿಂದ ಬಂದ ವಿವರಣೆಗಾರ, ಕಬಡ್ಡಿಗೂ ಅವನೇ, ವಾಲಿಬಾಲಿಗೂ ಅವನೇ, ಕಂಠ ಒಂದೇ, ವಿಶೇಷಣಗಳೂ ಅವೇ. "ಹತ್ತೊಂಬತ್ತು ವರ್ಷಗಳ ಸುದೀರ್ಘ ಕ್ರೀಡಾಜೀವನ. ನದೀತೀರದ ಒಂದು ಸಣ್ಣ ಊರಿನಿಂದ ಹೊರಟು ನಾಲ್ಕು ದೇಶಗಳ ಕ್ಲಬ್ಬುಗಳಲ್ಲಿ ಆಡಿದ ರಕ್ಷಣಾ ಆಟಗಾರ. ತನ್ನ ದೇಶದ ಅಂಗಿ ತೊಟ್ಟು ಕಣಕ್ಕಿಳಿದ ಧೀರ. ಮಹನೀಯರೇ, ಇವರು ತಮ್ಮ ಇಡೀ ಜೀವನದಲ್ಲಿ ಹೊಡೆದ ಗೋಲುಗಳ ಸಂಖ್ಯೆ ಸೊನ್ನೆ."

"ಗೋಲೇ ಹೊಡೀದವನನ್ನು ಅಷ್ಟು ದೂರದಿಂದ ತರುದಾ?" ಎಂದಿತು ಒಂದು ಧ್ವನಿ. ಪೆಂಡಾಲು ನಕ್ಕಿತು.

ಅಷ್ಟರಲ್ಲಿ ಯಾರೋ ಹೆಗಲ ಮೇಲೆ ಕೈಯಿಟ್ಟರು. ತಿರುಗಿದರೆ ಬೋಜಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ಅಣ್ಣ ಬರುತ್ತಾನೆಂದು ದುಗ್ಗಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಬೋಜಪ್ಪ ಪಕ್ಕದ ಕುರ್ಚಿಯಲ್ಲಿ ಕುಳಿತು, ಮೈದಾನವನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಇಷ್ಟು ಜಾಗ ಪೂರ್ತಿ ನೀನೇ ಕೊಟ್ಟೆಯಾ ದುಗ್ಗು? ಒಳ್ಳೆ ಕೆಲಸ ಮಾಡಿದೆ." ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ದುಗ್ಗಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. "ಮರ ಹೋದ ಮೇಲೆ ನನಗೆ ದಿಕ್ಕೇ ಗೊತ್ತಾಗುದಿಲ್ಲ ನೋಡು. ನಮ್ಮ ಕಲ್ಲು ಎಲ್ಲುಂಟು?"

"ಅಲ್ಲಿ," ದುಗ್ಗಪ್ಪನ ಕೈ ತಾನಾಗಿ ಎದ್ದು ಗೋಲಿನ ಹಿಂದೆ, ತೋಡಿನ ಬದಿಯ ಪೊದೆಗಳ ಕಡೆ ಹೋಯಿತು. "ಆ ಬಲ್ಲೆಯ ಒಳಗೆ ಉಂಟು."

"ಹಾಗಾ" ಎಂದ ಬೋಜಪ್ಪ, ನಂಬಿದ. ಮಣ್ಣು ಮುಚ್ಚಿದಾಗ ಆಗದೆ ಇದ್ದ ಕಳ್ಳತನ ಈಗ ಆಯಿತು ಎಂದು ದುಗ್ಗಪ್ಪನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ.

ಆಟ ಶುರುವಾಯಿತು. ಊರಿನ ತಂಡ ತೋಡಿನ ಬದಿಯ ಗೋಲು ಕಾಯಬೇಕು, ಎದುರಿಗೆ ಅರಂತೋಡಿನ ತಂಡ. ಅರಂತೋಡಿನವರಲ್ಲಿ ಪ್ರಖ್ಯಾತ್ ಎಂಬ ಹುಡುಗ ಗಾಳಿಯ ಹಾಗೆ ಓಡುವವನು. ಚೆಂಡು ಹಿಡಿದು ನೇರ ಬಲಮೂಲೆಗೇ ನುಗ್ಗಿದ. ದುಗ್ಗಪ್ಪನ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡವು. ಪ್ರಖ್ಯಾತ್ ಆ ಜಾಗ ಮುಟ್ಟುವುದಕ್ಕೆ ಮೂರು ನಾಲ್ಕು ಹೆಜ್ಜೆ ಇರುವಾಗ ಹೆನಾರೊ ಅಡ್ಡ ಬಂದ. ಓಡಿಬಂದದ್ದಲ್ಲ, ಅಲ್ಲಿಯೇ ಇದ್ದ. ದೊಡ್ಡ ಮೈಯನ್ನು ಸ್ವಲ್ಪ ಓರೆ ಮಾಡಿ ನಿಂತ, ಅಷ್ಟೆ. ಹುಡುಗನಿಗೆ ಬೇರೆ ದಾರಿ ಇರಲಿಲ್ಲ, ನಡುವಿಗೆ ತಿರುಗಿದ, ಅಲ್ಲಿ ಚೆಂಡು ಕಳೆದುಕೊಂಡ.

ಇನ್ನೊಮ್ಮೆ ಬಂದ, ಇನ್ನೊಮ್ಮೆ ಹಾಗೆಯೇ ಆಯಿತು. ಯಾರು ಬಂದರೂ ಹೆನಾರೊ ಅವರನ್ನು ಆ ಮೂಲೆಗೆ ಹೋಗಲು ಬಿಡಲಿಲ್ಲ. ನಲವತ್ತು ದಾಟಿದ ಮನುಷ್ಯ, ಎಡಗಾಲು ಎಳೆಯುತ್ತಿತ್ತು, ಆದರೂ ಹುಡುಗರು ಓಡಿ ತಲುಪುವ ಮೊದಲೇ ಅವನು ನಿಂತು ತಲುಪಿರುತ್ತಿದ್ದ. "ಬಂಡೆ, ಮಹನೀಯರೇ, ಬಂಡೆ" ಎಂದು ಹರಿಪ್ರಸಾದ್ ಕೂಗಿದ. ಗೋಲು ಹೊಡೆಯದವನನ್ನು ಯಾಕೆ ತಂದದ್ದು ಎಂದಿದ್ದ ಧ್ವನಿಯೇ ಈಗ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಬೋಜಪ್ಪನೂ ಚಪ್ಪಾಳೆ ತಟ್ಟಿದ.

ದುಗ್ಗಪ್ಪನಿಗೆ ಮಾತ್ರ ಬೇರೆಯೇ ಒಂದು ಆಟ ಕಾಣುತ್ತಿತ್ತು. ಚೆಂಡು ಇನ್ನೊಂದು ತುದಿಯಲ್ಲಿರುವಾಗಲೂ ಹೆನಾರೊ ಆ ಜಾಗದಿಂದ ಹೆಚ್ಚು ದೂರ ಹೋಗುತ್ತಿರಲಿಲ್ಲ. ಗೋಲು ಕೀಪರ್ ಚೆಂಡಿಗಾಗಿ ಆ ಕಡೆ ಓಡಿಬಂದಾಗ ತೋಳು ಚಾಚಿ ಅವನನ್ನೂ ತಡೆದ. ಇವನು ಗೋಲು ಕಾಯುತ್ತಿಲ್ಲ, ನನ್ನ ಕಲ್ಲು ಕಾಯುತ್ತಿದ್ದಾನೆ ಎಂದು ದುಗ್ಗಪ್ಪನಿಗೆ ಹೊಳೆಯಿತು. ನಾಚಿಕೆಯಾಯಿತು. ಆ ನಾಚಿಕೆಯ ಅಡಿಯಲ್ಲಿ, ಹೇಳಿಕೊಳ್ಳಲಾಗದಂಥ ಒಂದು ಸಮಾಧಾನವೂ ಇತ್ತು. ಹೀಗೆಯೇ ಕಾದರೆ ಯಾರಿಗೂ ಏನೂ ಆಗುವುದಿಲ್ಲ, ನಾನೂ ಬಾಯಿ ಬಿಡಬೇಕಾಗಿಲ್ಲ.

ಊರಿನ ತಂಡದ ನಾಯಕನಾಗಿದ್ದ ಅವಿನ್ ಒಂದು ಗೋಲು ಹೊಡೆದ. ಅರ್ಧ ಆಟ ಮುಗಿಯುವಾಗ ಊರಿನ ತಂಡ ಮುಂದಿತ್ತು.

ಮಜ್ಜಿಗೆ ಹಂಚುತ್ತಿದ್ದ ಸೀತು ಲೋಟ ಕೊಡುವ ನೆಪದಲ್ಲಿ ಗಂಡನ ಹತ್ತಿರ ಬಗ್ಗಿದಳು. "ಅವನಿಗೆ ಗೊತ್ತಾಗಿದೆ. ನಿಮಗೆ ಕಾಣುದಿಲ್ವಾ?"

"ಕಾಣ್ತದೆ."

"ಈಗ ಬದಿ ಬದಲಾಗ್ತದೆ. ಇನ್ನು ಆಚೆ ಓಡುದು ನಮ್ಮ ಅವಿನ್. ಎದ್ದು ಹೋಗಿ ಹೇಳಿ, ನಿಮ್ಮ ದಮ್ಮಯ್ಯ."

ದುಗ್ಗಪ್ಪ ಎದ್ದ. ಹೇಳಲೆಂದೇ ಎದ್ದ, ಅದರಲ್ಲಿ ಮೋಸವಿಲ್ಲ. ಅವಿನ್ ಮಗುವಾಗಿದ್ದಾಗ ಶಾಲೆಗೆ ರಜೆ ಸಿಕ್ಕಿದರೆ ಸಾಕು, ಇಲ್ಲಿಗೇ ಬಂದು ಚಿಕ್ಕಪ್ಪನ ಬೆನ್ನಿಗೆ ಬೀಳುತ್ತಿದ್ದವನು. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗ. ನಾಲ್ಕು ಹೆಜ್ಜೆ ಹಾಕಿದ್ದನೋ ಇಲ್ಲವೋ, ಮೈಕಿನಲ್ಲಿ ಅವನ ಹೆಸರು ಬಂತು. "ಈ ಭವ್ಯ ಕ್ರೀಡಾಂಗಣವನ್ನು ತುಂಬುಹೃದಯದಿಂದ ಕೊಟ್ಟ ದಾನಿ, ಶ್ರೀಯುತ ದುಗ್ಗಪ್ಪ ಗೌಡರು ವೇದಿಕೆಗೆ ಬರಬೇಕು." ಯುವಕ ಮಂಡಲದ ಇಬ್ಬರು ಬಂದು ತೋಳು ಹಿಡಿದರು. ಸನ್ಮಾನ ಎಂದರೆ ನಮ್ಮ ಕಡೆ ಬೇಡ ಎಂದಷ್ಟೂ ಬಿಗಿಯಾಗುವ ಹಿಡಿತ. ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದೆಸಿದರು, ತಲೆಗೆ ಪೇಟ ಇಟ್ಟರು, ಹಣ್ಣಿನ ಬುಟ್ಟಿ ತೊಡೆಯ ಮೇಲೆ ಬಂತು. ಬೋಜಪ್ಪ ತಾನೇ ವೇದಿಕೆ ಹತ್ತಿ ತಮ್ಮನ ಕೊರಳಿಗೆ ಹಾರ ಹಾಕಿದ. ಅಣ್ಣನ ಕೈಯಿಂದ ಒಂದು ದಿನ ಹೀಗೆ ಹಾರ ಬೀಳಬೇಕೆಂದು ದುಗ್ಗಪ್ಪ ಎಷ್ಟು ವರ್ಷ ಆಸೆಪಟ್ಟಿದ್ದನೋ. ಈಗ ಅದು ಕೊರಳಿಗೆ ಉರುಳಿನ ಹಾಗೆ ಬಿತ್ತು. ಫೋಟೊ ತೆಗೆಯುವವನು ನಗಿ ನಗಿ ಎಂದ. ಸೀತು ಪೆಂಡಾಲಿನ ಕಂಬಕ್ಕೆ ಒರಗಿ ಮುಖ ಆಚೆ ತಿರುಗಿಸಿಕೊಂಡಳು.

ಅವನು ಇಳಿದು ಬರುವಷ್ಟರಲ್ಲಿ ಸೀಟಿ ಆಗಿತ್ತು.

ಈಗ ಕಲ್ಲು ಇದ್ದದ್ದು ಅರಂತೋಡಿನವರ ಬದಿಯಲ್ಲಿ. ಊರಿನ ತಂಡ ಅತ್ತ ಕಡೆ ಗೋಲು ಹೊಡೆಯಬೇಕು, ಹೆನಾರೊ ಇತ್ತ, ರಸ್ತೆ ಬದಿಯ ಗೋಲಿನ ಮುಂದೆ ನಿಲ್ಲಬೇಕು. ಅವನು ನಿಲ್ಲಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಇಡೀ ಮೈದಾನ ದಾಟಿ ಹೋಗಿ, ಎದುರು ತಂಡದ ಮೂಲೆಯಲ್ಲಿ, ಅದೇ ಜಾಗದ ಪಕ್ಕ ನಿಂತುಬಿಟ್ಟ. ಅರಂತೋಡಿನವರು ಮುಖ ಮುಖ ನೋಡಿಕೊಂಡರು. ಕಾಯುವವನೇ ಇಲ್ಲದ ಕಡೆಗೆ ಚೆಂಡು ಹೊಡೆದರು. ಪ್ರಖ್ಯಾತ್ ಒಬ್ಬನೇ ಓಡಿಹೋಗಿ ಗೋಲು ಹಾಕಿ ಬಂದ.

"ಹಿಂದೆ ಬನ್ನಿ, ಹಿಂದೆ ಬನ್ನಿ" ಎಂದು ಅವಿನ್ ಕನ್ನಡದಲ್ಲಿ ಕೂಗಿದ, ಆಮೇಲೆ ಸ್ಪ್ಯಾನಿಷಿನಲ್ಲಿ ಕೂಗಿದ. ಹೆನಾರೊ ತಲೆ ಅಲ್ಲಾಡಿಸಿದ. ನೆಲ ತೋರಿಸಿ ಏನೋ ಹೇಳಿದ. ಅವಿನ್ ಕೈಬೀಸಿ ಹೋದ, ಅವನಿಗೆ ಕೇಳುವ ವ್ಯವಧಾನವಿರಲಿಲ್ಲ. ಚಿಕ್ಕಪ್ಪ ಏನೂ ಇಲ್ಲ ಎಂದ ಮೇಲೆ ಏನೂ ಇಲ್ಲ, ಅವನ ಮಟ್ಟಿಗೆ ಮುಗಿಯಿತು. ಅಷ್ಟರಲ್ಲಿ ಎರಡನೆಯ ಗೋಲೂ ಬಿತ್ತು.

ಪೆಂಡಾಲಿನ ಧ್ವನಿ ಬದಲಾಯಿತು. ಬಂಡೆ ಎಂದ ಬಾಯಿಗಳೇ ಈಗ ಹೂಯ್ ಎಂದವು. ನೀರಿನ ಬಾಟಲಿಯೊಂದು ಗೆರೆಯ ಒಳಗೆ ಬಿತ್ತು. "ಅರಂತೋಡಿನವರು ಇವನನ್ನು ಖರೀದಿ ಮಾಡಿದ್ದಾರೆ" ಎಂದು ಯಾರೋ ಹೇಳಿದ್ದು ಸಾಲಿನಿಂದ ಸಾಲಿಗೆ ಹಬ್ಬಿತು. ಹರಿಪ್ರಸಾದನ ವಿಶೇಷಣಗಳು ಬತ್ತಿಹೋದವು.

"ನೋಡಿದೆಯಾ," ಬೋಜಪ್ಪ ಹಲ್ಲು ಕಚ್ಚಿ ಹೇಳಿದ. "ಹಣ ತಿಂದಿದ್ದಾನೆ. ನಿನ್ನ ಮನೆಯಲ್ಲಿ ಉಂಡು, ನಿನ್ನ ಜಾಗದಲ್ಲಿ ನಿಂತು ನಮ್ಮ ಹುಡುಗರಿಗೆ ಮೋಸ ಮಾಡುದು. ಇಂಥವರನ್ನೆಲ್ಲ ಬಿಡ್ಲಿಕ್ಕೆ ಆಗುದಿಲ್ಲ."

ಪೇಟದ ಅಡಿಯಲ್ಲಿ ದುಗ್ಗಪ್ಪನ ಹಣೆ ಬೆವರಿತು. ಅಣ್ಣ ಎಂದು ಶುರುಮಾಡಿದ, ಮುಂದಿನ ಮಾತು ಬರಲಿಲ್ಲ. ಮೈದಾನದಲ್ಲಿ ಹೆನಾರೊ ಮಾತ್ರ ಬಾಟಲಿ ಬಿದ್ದ ಕಡೆಗೂ ನೋಡದೆ, ಸೊಂಟಕ್ಕೆ ಕೈಕೊಟ್ಟು, ಆಗಾಗ ಪೆಂಡಾಲಿನ ಮುಂದಿನ ಸಾಲಿನ ಕಡೆ ಕಣ್ಣು ಹಾಯಿಸುತ್ತಾ ನಿಂತಿದ್ದ.

ಅವಿನ್‌ಗೆ ಚೆಂಡು ಸಿಕ್ಕಿತು. ನಡುಮೈದಾನದಲ್ಲಿ ಒಬ್ಬನನ್ನು ದಾಟಿದ, ಇನ್ನೊಬ್ಬನ ಕಾಲಿನ ಸಂದಿಯಿಂದ ಚೆಂಡು ನುಸುಳಿಸಿದ. ಜನ ಎದ್ದು ನಿಂತರು. ಎದುರಿನ ಇಬ್ಬರು ಗೋಲಿನ ಮುಂದೆ ಗುಂಪಾದುದರಿಂದ ಬಲಮೂಲೆ ಪೂರ್ತಿ ಖಾಲಿ ಬಿತ್ತು. ಅವಿನ್ ಅತ್ತ ತಿರುಗಿದ. ಕಣ್ಣು ಚೆಂಡಿನ ಮೇಲೆ, ಮೈ ಪೂರ್ತಿ ವೇಗದಲ್ಲಿ. ದುಗ್ಗಪ್ಪನಿಗೆ ಅವನ ಬಲಗಾಲು ಎಲ್ಲಿ ಬೀಳುತ್ತದೆ ಎಂದು ಮೊದಲೇ ಕಂಡಿತು. "ಅವಿನೂ" ಎಂದು ಕೂಗಿದ. ಆ ಗದ್ದಲದಲ್ಲಿ ಅದು ಇನ್ನೊಂದು ಹುರಿದುಂಬಿಸುವ ಕೂಗಾಯಿತು ಅಷ್ಟೆ.

ಹೆನಾರೊ ಅಡ್ಡ ಹಾರಿದ. ತನ್ನದೇ ತಂಡದ ನಾಯಕನ ಮೇಲೆ, ಭುಜ ಕೊಟ್ಟು, ಇಡೀ ಮೈಭಾರ ಹಾಕಿ. ಅವಿನ್ ಎಗರಿ ಗೆರೆಯಿಂದ ಹೊರಗೆ, ಮೆದು ಮಣ್ಣಿನಲ್ಲಿ ಉರುಳಿಕೊಂಡು ಹೋದ. ಹೆನಾರೊ ಎಡ ಮೊಣಕಾಲಿನ ಮೇಲೆಯೇ ಬಿದ್ದ. ಅವನ ಬಾಯಿಂದ ಹೊರಟ ಸ್ವರ ಪೆಂಡಾಲಿನವರೆಗೂ ಕೇಳಿಸಿತು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಕುರ್ಚಿಗಳು ಮಗುಚಿ ಬಿದ್ದವು. ಹಗ್ಗ ದಾಟಿ ಜನ ನುಗ್ಗತೊಡಗಿದರು. ಅವಿನ್ ಎದ್ದು, ಮುಖವೆಲ್ಲ ಕೆಂಪು ಮಣ್ಣು, ಬಿದ್ದವನ ಅಂಗಿಯ ಕೊರಳು ಹಿಡಿದು ಎತ್ತಿದ. ರೆಫರಿಯ ಸೀಟಿಗೆ ಬೆಲೆಯೇ ಇರಲಿಲ್ಲ. ಬೋಜಪ್ಪನೂ ಪಂಚೆ ಎತ್ತಿ ಕಟ್ಟಿ ಎದ್ದುನಿಂತ.

ದುಗ್ಗಪ್ಪ ಓಡಿದ. ಐವತ್ತೈದರ ಮನುಷ್ಯ, ಶಾಲು, ಹಾರ, ಪೇಟ ಎಲ್ಲ ಹಾಗೆಯೇ, ಯಾರ ಭುಜ ಯಾರ ತೋಳು ಎಂದು ನೋಡದೆ ಗುಂಪನ್ನು ಸೀಳಿಕೊಂಡು ಓಡಿದ. ಅವಿನ್‌ನ ಕೈಯನ್ನು ಹೆನಾರೊನ ಅಂಗಿಯಿಂದ ಬಿಡಿಸಿದ. ಅಲ್ಲಿಯೇ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದ.

ಪೇಟ ಜಾರಿ ಬಿತ್ತು. ತಾನೇ ಹಾಕಿದ ಮಣ್ಣು, ಸುಲಭವಾಗಿ ಎದ್ದುಬಂತು. ಮೊದಲು ಒಂದು ಬೂದು ಅಂಚು, ಆಮೇಲೆ ಚೌಕದ ತಲೆ, ಅದರ ಮೇಲೆ ಉಳಿಯಿಂದ ಕೊರೆದ ಅಡ್ಡ ಗೀಟು. ಒಂದು ಮೂಲೆ ಕೊಡಲಿಯ ಬಾಯಿಯಷ್ಟು ಚೂಪಾಗಿತ್ತು. ಹತ್ತಿರ ಇದ್ದವರು ಸುಮ್ಮನಾದರು, ಸುಮ್ಮನಾದದ್ದು ಹಿಂದಕ್ಕೆ ಹಬ್ಬಿ ಕೊನೆಗೆ ಪೆಂಡಾಲೂ ಸುಮ್ಮನಾಯಿತು.

ಬೋಜಪ್ಪ ಗುಂಪಿನ ನಡುವಿನಿಂದ ಬಂದ. ಕಲ್ಲನ್ನು ನೋಡಿದ. ತಲೆ ಎತ್ತಿ ಮೇಲೆ ಹಲಸಿನ ಮರವನ್ನು ನೋಡಿದ. ಅವನ ಕಣ್ಣು ಅಲ್ಲಿಂದ ಇಲ್ಲಿಗೆ ಗೆರೆ ಎಳೆಯುವುದು, ಆ ಗೆರೆ ಮೈದಾನವನ್ನು ಅಡ್ಡಲಾಗಿ ಕತ್ತರಿಸುವುದು ದುಗ್ಗಪ್ಪನಿಗೆ ಕೂತಲ್ಲಿಂದಲೇ ಗೊತ್ತಾಯಿತು. ಬಲ್ಲೆಯ ಒಳಗೆ ಉಂಟು ಎಂದದ್ದೂ ಅಣ್ಣನಿಗೆ ನೆನಪಾಗಿರಬೇಕು. ಬೈಯಲಿ, ಎಲ್ಲರೆದುರು ಕೆನ್ನೆಗೆ ಹೊಡೆಯಲಿ ಎಂದು ದುಗ್ಗಪ್ಪ ತಲೆ ತಗ್ಗಿಸಿ ಕುಳಿತ.

ಬೋಜಪ್ಪ ಜಾಗದ ಮಾತೆತ್ತಲಿಲ್ಲ. ಬಗ್ಗಿ ಮಗನ ಬಲಗಾಲಿನ ಗಂಟನ್ನು ಕೈಯಿಂದ ಮುಟ್ಟಿ ನೋಡಿದ, ಒತ್ತಿ ನೋಡಿದ. ಸರಿಯಿದೆ ಎಂದು ಖಾತ್ರಿಯಾದ ಮೇಲೆ ತಮ್ಮನ ಕಡೆ ತಿರುಗಿದ.

"ಕೇಳಿದ್ದರೆ ಕೊಡ್ತಿದ್ದೆ ಮಾರಾಯ" ಎಂದ. "ನಿನ್ನದೇ ಹೆಸರು ಹಾಕಿ ಅಂತಿದ್ದೆ."

"ಚಿಕ್ಕಪ್ಪ," ಅವಿನ್‌ನ ಸ್ವರ ಸಣ್ಣದಾಗಿತ್ತು. "ನಾನು ಕೇಳಿದ್ದೆ ಅಲ್ವಾ? ಇವತ್ತೇ ಕೇಳಿದ್ದೆ."

ದುಗ್ಗಪ್ಪ ಮೊಣಕಾಲಲ್ಲೇ ತೆವಳಿಕೊಂಡು ಹೆನಾರೊನ ಹತ್ತಿರ ಹೋದ. ಸೀತು ಆಗಲೇ ಅಲ್ಲಿ ಕುಳಿತು ಮಜ್ಜಿಗೆಯ ಮಂಜುಗಡ್ಡೆಯನ್ನು ಸೆರಗಿನಲ್ಲಿ ಕಟ್ಟಿ ಊದಿದ ಮೊಣಕಾಲಿಗೆ ಹಿಡಿದಿದ್ದಳು. ಹೆನಾರೊನ ಮುಖ ನೋವಿಗೆ ಬಿಳಿಚಿತ್ತು. ದುಗ್ಗಪ್ಪ ಮಣ್ಣಾದ ಕೈ ಮುಗಿದ. ತಪ್ಪಾಯಿತು ಎಂದು ಕನ್ನಡದಲ್ಲಿ ಹೇಳಿದ, ಆ ಮೇಲೆ ತುಳುವಿನಲ್ಲಿ ಹೇಳಿದ. ಯಾವ ಭಾಷೆಯಲ್ಲಿ ಹೇಳಬೇಕೆಂದೇ ತಿಳಿಯಲಿಲ್ಲ.

ಹೆನಾರೊ ಆ ಕೈಗಳನ್ನು ಕೆಳಗೆ ತಗ್ಗಿಸಿದ. ಅವನ ಬಾಯಿಂದ ಒಂದೇ ಒಂದು ಸಣ್ಣ ವಾಕ್ಯ ಬಂತು, ಸಿಟ್ಟಿರಲಿಲ್ಲ. ಅವಿನ್ ಅದನ್ನು ಕೇಳಿ ಆಚೆ ನೋಡಿದ.

"ಎಂತ ಹೇಳಿದರು?" ಎಂದ ದುಗ್ಗಪ್ಪ.

ಅವಿನ್ ಅಂಗಿಯ ತೋಳಿನಿಂದ ಮುಖದ ಮಣ್ಣು ಒರೆಸಿಕೊಂಡ.

"ಹೇಳು ಮಗ."

"ಆಟ ಶುರುವಾದಾಗಿನಿಂದ ನೋಡ್ತಾ ಇದ್ದರಂತೆ," ಅವಿನ್ ನೆಲ ನೋಡಿಕೊಂಡು ಹೇಳಿದ. "ನೀವು ಈಗ ಎದ್ದು ಬರ್ತೀರಿ, ಈಗ ಎದ್ದು ಬರ್ತೀರಿ ಅಂತ."